ಮುಚ್ಚಳದ ಸಂಕಥನ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಾಸ್ತಾವಿಕ: ಹಿತ್ತಿಲಲ್ಲಿ ಹೂತುಹೋದ ಸೆಪ್ಟಿಕ್ ಟ್ಯಾಂಕಿನ ಮುಚ್ಚಳವನ್ನು ಕುರಿತು ಕನ್ನಡದಲ್ಲಿ ಗಂಭೀರ ಅಧ್ಯಯನ ನಡೆದಿಲ್ಲವೆಂಬ ಕೊರತೆಯನ್ನು ತುಂಬುವ ನಮ್ರ ಪ್ರಯತ್ನವಿದು. ಕೊರತೆ ತುಂಬುವ ಮೊದಲೇ ಟ್ಯಾಂಕು ತುಂಬಿ, ಕಕ್ಕಸಿನ ನೀರು ಮೇಲಕ್ಕೆ ಬರತೊಡಗಿತು. ವಿದ್ವಾಂಸರು 'ದಮನಿತದ ಮರುಪ್ರವೇಶ' ಎನ್ನುವುದು ಇದನ್ನೇ ಇರಬೇಕು.

ವ್ಯಾಪ್ತಿ ಮತ್ತು ಮಿತಿ: ವ್ಯಾಪ್ತಿ, ಮೂವತ್ತು-ನಲವತ್ತರ ಸೈಟು. ಮಿತಿ, ಕಾಂಪೌಂಡು ಗೋಡೆ.

ಆಕರಗಳು: 1991ರಲ್ಲಿ ಮನೆ ಕಟ್ಟಿದ ಮೇಸ್ತ್ರಿ ತೀರಿಕೊಂಡದ್ದರಿಂದ ಮೌಖಿಕ ಪರಂಪರೆಯ ಕೊಂಡಿ ಕಳಚಿದೆ. ಮಂಜೂರಾದ ನಕ್ಷೆಯ ಪ್ರಕಾರ ಟ್ಯಾಂಕು ವಾಯವ್ಯದಲ್ಲಿದೆ. ಅದೇ ನಕ್ಷೆಯ ಪ್ರಕಾರ ನಮಗೊಂದು ಗ್ಯಾರೇಜೂ ಇದೆ. ಆದ್ದರಿಂದ ಸದರಿ ಪಠ್ಯವನ್ನು ಸೃಜನಶೀಲ ಕೃತಿಯೆಂದು ಬಗೆದು ಬದಿಗಿಡಲಾಗಿದೆ.

ವೈಧಾನಿಕತೆ: ಕಕ್ಕಸಿನ ನಾಲ್ಕಿಂಚಿನ ಪೈಪು ಗೋಡೆಯಿಂದ ಹೊರಬೀಳುವ ಕಡೆ ನಿಂತು, ಇಳಿಜಾರಿನ ದಿಕ್ಕಿಗೆ ಹಾರೆಯಿಂದ ನೆಲ ಕುಟ್ಟುತ್ತ ಹೋಗಬೇಕು. ಗಟ್ಟಿ ನೆಲ 'ದಣ್' ಎನ್ನುತ್ತದೆ, ಚಪ್ಪಡಿಯಡಿ ಪೊಳ್ಳಿದ್ದರೆ 'ಡುಬ್'. ಈ ಧ್ವನಿಭೇದವನ್ನು ವ್ಯಾಕರಣಕಾರ ಕೇಶಿರಾಜ ಯಾಕೋ ಕೈಬಿಟ್ಟಿದ್ದಾನೆ.

ವರ್ಗೀಕರಣ: ಮುಚ್ಚಳಗಳು ಆರು ಬಗೆ. ಕಬ್ಬಿಣದ ಬಳೆ ಕಾಣಿಸುವುದು ವ್ಯಕ್ತ. ಮಣ್ಣು ಮುಚ್ಚಿದ್ದು ಅವ್ಯಕ್ತ. ಬೇಸಿಗೆಯಲ್ಲಿ ಮೇಲಿನ ಹುಲ್ಲು ಮೊದಲು ಒಣಗಿ ಸುಳಿವು ಕೊಡುವುದು ವ್ಯಕ್ತಾವ್ಯಕ್ತ. ನಾಲ್ಕನೆಯದು... ಸಾಕು. 'ಶೌಚದ ಸಂಕಥನ' ಎಂಬ ಮೂರು ದಿನದ ವಿಚಾರ ಸಂಕಿರಣದಲ್ಲಿ ಇಂಥ ಹದಿನೇಳು ಬಗೆ ಕೇಳಿ, ಊಟ ತಪ್ಪಿಸಿಕೊಂಡವನು ನಾನು.

ಐದು ಕಡೆ ಅಗೆದೆ. ಒಂದು ಕಡೆ ಕುಡಿಯುವ ನೀರಿನ ಪೈಪು ಒಡೆಯಿತು. ಆಗ ಅಮ್ಮ ಕಾಫಿ ಲೋಟ ಹಿಡಿದು ಬಂದು, "ಬಟ್ಟೆ ಒಗೆಯೋ ಕಲ್ಲು ಸರಿಸೋ, ಅದರ ಕೆಳಗೇ ಇರೋದು" ಎಂದಳು.

"ಮೊದಲೇ ಹೇಳಬಾರದಾ?"

"ನನ್ನನ್ನ ಯಾರು ಕೇಳಿದ್ರು?"

(ಇಲ್ಲಿ ಸ್ತ್ರೀವಾದಿ ಮರುಓದಿಗೆ ಅವಕಾಶವಿದೆ. ಆಸಕ್ತರು ಬೆಳೆಸಬಹುದು.)

ಸಕ್ಕಿಂಗ್ ಲಾರಿ ಬಂತು. ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಬೇಕಾದದ್ದನ್ನು ನಾವು ಮರೆತೇ ಬಿಟ್ಟಿದ್ದೆವು, ತಳದ ಕೆಸರು ಕಲ್ಲಾಗಿತ್ತು. ಪೈಪು ಎಳೆಯಲಿಲ್ಲ. ಲಾರಿಯ ಹುಡುಗ, ಇಪ್ಪತ್ತು ಇದ್ದೀತು, ಅಂಗಿ ಬಿಚ್ಚಿ ಮಡಚಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ. "ಇಳೀತೀನಿ ಸಾರ್, ಐನೂರು ಜಾಸ್ತಿ ಕೊಡಿ."

ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸಕೂಡದೆಂದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ್ದು 1970ರ ದಶಕದಲ್ಲಿ. ಆದರೂ 2010ರಲ್ಲಿ ಸವಣೂರಿನಲ್ಲಿ ಅದೇ ಕೆಲಸದ ಜನ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಕೊಡಿ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ದರ ಏರಿದೆ, ಇಳಿಯುವುದು ನಿಂತಿಲ್ಲ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮಿತಿಮೀರಿದರೆ ಅದರ ವಾಸನೆಯೇ ತಿಳಿಯುವುದಿಲ್ಲ. ಮೊದಲು ಮೂಗು ಸಾಯುತ್ತದೆ, ಆಮೇಲೆ ಮನುಷ್ಯ. ಥೂ, ಆ ಹದಿನೇಳು ಬಗೆಗಳಲ್ಲಿ ಇಳಿಯುವವನಿಗೆ ಒಂದೂ ಇರಲಿಲ್ಲವಲ್ಲ! ನನ್ನ ಆರರಲ್ಲೂ ಇಲ್ಲ.

ಬೇಡವೆಂದೆ. ನೀರು ಬಿಟ್ಟು, ಗಳುವಿನಿಂದ ಕಲಕಿ ಕಲಕಿ ಎಳೆಯಲು ಮೂರು ಗಂಟೆ ಹಿಡಿಯಿತು. "ಇಳಿದಿದ್ರೆ ಅರ್ಧ ಗಂಟೆ ಕೆಲಸ" ಎಂದು ಲಾರಿಯವನು ಗೊಣಗಿದ.

ಹುಡುಗ ಕೈ ತೊಳೆಯಲು ನೀರು ಕೇಳಿದ. ಅಮ್ಮ ತಂಬಿಗೆಯನ್ನು ಎತ್ತರದಿಂದ ಬಗ್ಗಿಸಿದಳು. ಅವನು ಆಗಲೇ ಕುಕ್ಕರುಗಾಲಲ್ಲಿ ಕೂತು, ಕೈ ನೆಲದ ಹತ್ತಿರ ಹಿಡಿದಿದ್ದ.