ಸರ್ವರಿನ ಪಹಣಿಗೆ ಗೆದ್ದಲು

ಇದ್ದೂ ಇಲ್ಲದಂತಿರುವುದು ಸಂತರ ಲಕ್ಷಣ ಅಂತ ಕೇಳಿದ್ದೆ. ನಮ್ಮ ಆಫೀಸಿನ ಲಿನಕ್ಸ್ ಸರ್ವರಿನಲ್ಲಿ ಲೆಕ್ಕದ ಫೈಲೊಂದಕ್ಕೆ ಆ ಸ್ಥಿತಿ ಪ್ರಾಪ್ತವಾಯಿತು. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕಮಾಂಡು ಕೊಟ್ಟರೆ ಹೆಸರು ಕಾಣುತ್ತದೆ. ‘ಹೈಫನ್ ಎಲ್’ ಸೇರಿಸಿ ವಿವರ ಕೇಳಿದರೆ ಅನುಮತಿ, ಒಡೆಯ, ಗಾತ್ರ, ತಾರೀಖು ಇರಬೇಕಾದ ಕಡೆಯೆಲ್ಲ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ತೆರೆಯಹೋದರೂ ಅಳಿಸಹೋದರೂ ಒಂದೇ ಉತ್ತರ: ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’.

ನನ್ನ ಬೆನ್ನ ಹಿಂದೆ ನಿಂತು ಇದನ್ನು ಓದಿದ ಅಕೌಂಟ್ಸ್ ವಿಭಾಗದ ಹಿರಿಯರು ಹೌಸ್‌ಕೀಪಿಂಗ್‌ನವರನ್ನು ಕರೆಸಿ ಸರ್ವರ್ ರೂಮಿನ ಧೂಳು ಹೊಡೆಸಿಬಿಟ್ಟರು.

“ಈಗ ನೋಡ್ರೀ. ಫೈಲು ಇದೆಯೋ ಇಲ್ವೋ?”

“ಹೆಸರಿದೆ ಸಾರ್, ಆಸಾಮಿ ಇಲ್ಲ.”

ಯುನಿಕ್ಸ್ ಸಂತಾನದಲ್ಲಿ ಡೈರೆಕ್ಟರಿ ಅಂದರೆ ಹಳೇ ಕಾಲದ ಶಾನುಭೋಗರ ಪುಸ್ತಕ. ಅದರಲ್ಲಿರುವುದು ಹೆಸರು, ಅದರ ಮುಂದೊಂದು ಸರ್ವೆ ನಂಬರು. ಅದೇ ಐನೋಡ್ ಸಂಖ್ಯೆ. ಒಡೆಯ ಯಾರು, ವಿಸ್ತೀರ್ಣವೆಷ್ಟು, ಡಿಸ್ಕಿನ ಯಾವ ಮೂಲೆ, ಎಲ್ಲವೂ ಐನೋಡ್‌ನ ಹೊಟ್ಟೆಯಲ್ಲಿ. ತನ್ನ ಹೆಸರೇನೆಂದು ಮಾತ್ರ ಅದಕ್ಕೇ ಗೊತ್ತಿಲ್ಲ! ಡಿಸ್ಕಿಗೆ ಮುಪ್ಪಡರಿ ಪುಸ್ತಕಕ್ಕೆ ಗೆದ್ದಲು ಹಿಡಿದರೆ, ನಂಬರು ಯಾವುದೋ ಬೀಳು ಜಾಗ ತೋರಿಸುತ್ತದೆ. ಜಮೀನು ಇದ್ದಲ್ಲೇ ಇರುತ್ತದೆ.

ಮರುಸರ್ವೆಗೆ ಬರುವ ಅಮಲ್ದಾರರ ಹೆಸರು ‘ಎಫ್‌ಎಸ್‌ಸಿಕೆ’. ಡಿಸ್ಕನ್ನು ಅನ್‌ಮೌಂಟ್ ಮಾಡದೆ ಅವರನ್ನು ಕರೆಯಬಾರದು. ಕರೆದರೆ ಉಳಿದದ್ದೂ ಹಾಳು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಇರುವ ಡಿಸ್ಕಿನಲ್ಲಿ ಅವರದು 5 ಸುತ್ತಿನ ತನಿಖೆ. 1ನೇ ಸುತ್ತಿನಲ್ಲಿ ಐನೋಡ್, 2ನೆಯದರಲ್ಲಿ ಡೈರೆಕ್ಟರಿ, ಹೀಗೆ. ತಪ್ಪು ಕಂಡಲ್ಲೆಲ್ಲ “ಅಳಿಸಲೇ? ಸರಿಪಡಿಸಲೇ?” ಎಂಬ ವಿನಯ. ಮೊದಮೊದಲು ಓದಿ, ಯೋಚಿಸಿ ‘ವೈ’ ಒತ್ತುವವನು ಆಮೇಲಾಮೇಲೆ ಓದುವುದನ್ನೇ ಬಿಡುತ್ತಾನೆ. ಮನುಷ್ಯಸ್ವಭಾವ ಬಲ್ಲವರು ಎಲ್ಲಕ್ಕೂ ಒಟ್ಟಿಗೇ ಹೂಂ ಅನ್ನುವ ‘ಹೈಫನ್ ವೈ’ ಸೌಲಭ್ಯವನ್ನೂ ಇಟ್ಟಿದ್ದಾರೆ.

ವಾರಸುದಾರರಿಲ್ಲದೆ ಸಿಕ್ಕಿದ್ದೆಲ್ಲ ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಡೈರೆಕ್ಟರಿಗೆ ಜಮೆ. ಅಲ್ಲಿ ಹೆಸರುಗಳಿಲ್ಲ, ಒಂದು ಹ್ಯಾಶ್ ಗುರುತು, ಪಕ್ಕದಲ್ಲಿ ಐನೋಡ್ ಸಂಖ್ಯೆ. ‘ಫೈಲ್’ ಎಂಬ ಕಮಾಂಡು ಕೊಟ್ಟು ಯಾವುದು ಚಿತ್ರ, ಯಾವುದು ಲೆಕ್ಕ ಎಂದು ಜಾತಿ ಪತ್ತೆಹಚ್ಚಬೇಕು. ನಮ್ಮ ಫೈಲು ಅಲ್ಲೇ ಸಿಕ್ಕಿತು, ಒಂದು ಕಾಸೂ ಹೆಚ್ಚುಕಮ್ಮಿಯಿಲ್ಲದೆ.

“ಸಾರ್, ನಾಮಕರಣ ನೀವೇ ಮಾಡಿ. ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಾದರೆ ಒಂದೊಂದು ಅಕ್ಷರಕ್ಕೂ, ಗುಣಿತಕ್ಕೂ 3 ಬೈಟ್ ಬೇಕು.”

ಹಿರಿಯರು ಇಟ್ಟ ಹೆಸರು: ‘ಫೈನಲ್ ಹೊಸದು ನಿಜವಾದ ಫೈನಲ್’.

ಹೆಸರು ಹೋದ ಫೈಲನ್ನು ಅಮಲ್ದಾರರು ಹುಡುಕಿಕೊಟ್ಟಾರು. ಡಿಸ್ಕೇ ಹೋದರೆ ಅವರೂ ಕೈಚೆಲ್ಲುತ್ತಾರೆ. ಆದ್ದರಿಂದ ರಿಪೇರಿಗೆ ಕೈಹಾಕುವ ಮುನ್ನ ಇಡೀ ಡಿಸ್ಕಿನ ನಕಲೊಂದನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಧೂಳು ಆಮೇಲೆ ಹೊಡೆಸಿದರಾಯಿತು.