ಹ್ಯಾಂಡಲ್ ಎಲ್ಲಿ, ಬೇಟಾ?

ಗುಜರಾತಿನಲ್ಲಿ ತಾಯಿಯನ್ನು ‘ಬಾ’ ಎನ್ನುತ್ತಾರೆ. ಅಹಮದಾಬಾದಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಹುಡುಗ ತಾಯಿಯನ್ನು ಕೂಗಿದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದಾನೆಂದು ಬಾಗಿಲಿಗೆ ಓಡುತ್ತಿದ್ದೆ. ಆ ಬಾ ಅವರಿಗೆ ಈಗ ಎಪ್ಪತ್ತು ದಾಟಿದೆ. ಮಗ 2018ರಲ್ಲಿ ಹೊಸ ಮಾರುತಿ ಸುಜುಕಿ ಸ್ವಿಫ್ಟ್ ಕಾರು ತಂದ. ಅಂದಿನಿಂದ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯಲ್ಲಿ ತಪ್ಪದೆ ಒಂದು ಪ್ರಸಂಗ. ಮಗ ಸ್ಟೀರಿಂಗ್ ಹಿಡಿದು ಕೂತಿದ್ದಾನೆ, ಸೊಸೆ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡಾಗಿದೆ, ಬಾ ಮಾತ್ರ ಹೊರಗೆ ನಿಂತು, ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವವರಂತೆ ಹಿಂದಿನ ಬಾಗಿಲನ್ನು ತಡವುತ್ತಿದ್ದಾರೆ. ಹೆಸರಲ್ಲೇ ‘ಬಾ’ ಇದ್ದರೂ ಒಳಗೆ ಬರುವ ದಾರಿ ಇಲ್ಲ. “ಹ್ಯಾಂಡಲ್ ಕ್ಯಾಂ ಛೇ, ಬೇಟಾ?”

ತಪ್ಪು ಬಾ ಅವರದಲ್ಲ. ಆ ಮಾಡೆಲ್‌ನಲ್ಲಿ ಹಿಂದಿನ ಬಾಗಿಲಿನ ಹ್ಯಾಂಡಲನ್ನು ಬಾಗಿಲ ಮೇಲೆ ಇಡದೆ, ಕಿಟಕಿಯ ಕೊನೆಯ ಮೂಲೆಯ ಕಪ್ಪು ಪಟ್ಟಿಯೊಳಗೆ ಬಚ್ಚಿಟ್ಟಿದ್ದರು. ದೂರದಿಂದ ನೋಡಿದವರಿಗೆ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಎಂಬ ಆಸೆ. ದೂರದಿಂದ ನೋಡುವವರಿಗೆ ಅದು ಚೆಂದವೇ. ಹತ್ತಿರ ಬಂದು ಹತ್ತಬೇಕಾದವರದೇ ಪೇಚು. ಆರು ವರ್ಷ ಕಳೆದು, 2024ರ ಮೇ 9ರಂದು, ನಾಲ್ಕನೆಯ ತಲೆಮಾರಿನ ಸ್ವಿಫ್ಟ್ ಬಿಡುಗಡೆಯಾಯಿತು. ಹ್ಯಾಂಡಲ್ ಬಾಗಿಲಿಗೆ ಮರಳಿತ್ತು. 2005ರ ಮೊದಲ ಸ್ವಿಫ್ಟ್‌ನಲ್ಲೂ 2011ರ ಎರಡನೆಯದರಲ್ಲೂ ಅದು ಇದ್ದದ್ದು ಅಲ್ಲೇ.

ಬಾ ಅವರಿಗೆ ಈ ಸಮಾಚಾರ ಮುಟ್ಟುವ ಮೊದಲೇ ಊರಿನ ಕಾರು ಪಂಡಿತರು ಸೂತಕಕ್ಕೆ ಕೂತಿದ್ದರು.

ಸೂತಕದ ಮನೆ ಸಿಂಧು ಭವನ ರಸ್ತೆ. ಭಾನುವಾರ ಬೆಳಿಗ್ಗೆ ಕಿಟ್ಲಿಯ, ಎಂದರೆ ಚಹಾದಂಗಡಿಯ, ಮುಂದೆ ಕಾರು ನಿಲ್ಲಿಸಿ, ಬಾನೆಟ್ಟಿಗೆ ಒರಗಿ, ಅರ್ಧ ಲೋಟ ಚಹಾಕ್ಕೆ ಒಂದೂವರೆ ಗಂಟೆ ಮಾತಾಡುವುದು ಇವರ ವ್ರತ. ಅಂದಿನ ತೀರ್ಪು ಸರ್ವಾನುಮತದ್ದು: ಕಂಪನಿಗೆ ಧೈರ್ಯವಿಲ್ಲ. ಮುಖ ಅದೇ, ಮೈ ಅದೇ, ಕಣ್ಣಿಗೆ ಸ್ವಲ್ಪ ಕಾಡಿಗೆ. ಲೆಕ್ಕ ಒಪ್ಪಿಸಿದವನೊಬ್ಬ ಸೊಸೈಟಿಯ ಖಜಾಂಚಿಯೂ ಹೌದು. ಉದ್ದ 3,860 ಮಿಲಿಮೀಟರ್, ಹಳೆಯದಕ್ಕಿಂತ 15 ಜಾಸ್ತಿ. ಎತ್ತರದಲ್ಲಿ 10 ಕಮ್ಮಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಮಾತ್ರ 2,450, ಒಂದು ಮಿಲಿಮೀಟರೂ ಕದಲಿಲ್ಲ. ಹೊಸ ತಲೆಮಾರಿಗೆ ಒಂದೂವರೆ ಸೆಂಟಿಮೀಟರ್! ಊರಲ್ಲಿ ನಮ್ಮ ಹಿತ್ತಲ ಅಡಿಕೆ ಸಸಿಗೆ ನೀರು ಬಿಡದಿದ್ದರೂ ಇದಕ್ಕಿಂತ ಬೆಳೆಯುತ್ತದೆ ಎಂದು ನನಗೂ ಅನ್ನಿಸಿದ್ದು ನಿಜ.

ಒಬ್ಬನಂತೂ ಗದ್ಗದಿತನಾದ. “ಆ ಹ್ಯಾಂಡಲ್ ಒಂದು ಸ್ಟೇಟ್‌ಮೆಂಟ್ ಆಗಿತ್ತು, ಭಾಯ್. ತೆಗೆದುಬಿಟ್ಟರು.”

“ನೀವು ಹಿಂದಿನ ಸೀಟಿನಲ್ಲಿ ಎಂದಾದರೂ ಕೂತಿದ್ದೀರಾ?” ಎಂದೆ.

“ನಾನ್ಯಾಕೆ ಹಿಂದೆ ಕೂರಲಿ?”

ಬದಲಾಗಿದ್ದು ಬಾನೆಟ್ಟಿನ ಕೆಳಗೆ. ನಾಲ್ಕು ಸಿಲಿಂಡರಿನ ಎಂಜಿನ್ ಹೋಗಿ ಮೂರರದ್ದು ಬಂದಿತ್ತು. 90 ಅಶ್ವಶಕ್ತಿ ಇದ್ದದ್ದು 82 ಆಗಿತ್ತು. ಕಾರನ್ನು ಪ್ರೀತಿಸುವವನು ಎದೆ ಬಡಿದುಕೊಳ್ಳಬೇಕಾದ ಸಂಗತಿ ಇದ್ದರೆ ಇದು. ಆದರೆ ಲೀಟರಿಗೆ 22.38 ಕಿಲೋಮೀಟರ್ ಇದ್ದದ್ದು 24.80 ಆಯಿತಲ್ಲ. ಎಂಟು ಕುದುರೆ ಮಾರಿ ಎರಡೂವರೆ ಕಿಲೋಮೀಟರ್ ಕೊಂಡ ವ್ಯಾಪಾರ. ಗುಜರಾತಿನಲ್ಲಿ ಅಂಥ ವ್ಯಾಪಾರಕ್ಕೆ ಯಾರೂ ಕಣ್ಣೀರು ಹಾಕುವುದಿಲ್ಲ. ಇಲ್ಲಿ ಮೈಲೇಜಿಗೆ ‘ಎವರೇಜ್’ ಎನ್ನುತ್ತಾರೆ. ಮಗು ಹುಟ್ಟಿದ ಮನೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವಂತೆ ಕಾರು ಬಂದ ಮನೆಯಲ್ಲಿ ಮೊದಲು ಕೇಳುವುದು ಎವರೇಜು. ಸುರಕ್ಷತೆಯ ಮಾತಂತೂ ಅಲ್ಲಿ ಒಮ್ಮೆಯೂ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದ ಸ್ವಿಫ್ಟನ್ನು ಗುದ್ದಿಸಿ ನೋಡಿ ಐದಕ್ಕೆ ಒಂದು ನಕ್ಷತ್ರ ಕೊಟ್ಟಿದ್ದರು. ಹೊಸದರಲ್ಲಿ ಅತಿ ಅಗ್ಗದ ಮಾಡೆಲ್‌ಗೂ ಆರು ಏರ್‌ಬ್ಯಾಗ್. ನಾನು ಅದನ್ನೆತ್ತಿದೆ. “ಅದು ಸರಿ, ಆದರೆ ಹೆಡ್‌ಲ್ಯಾಂಪ್ ನೋಡಿದಿರಾ?” ಎಂದರು.

ಇನ್ನೊಬ್ಬನ ಸಿಟ್ಟು ಬೇರೆಯೇ. “ಹೊಸ ಡಿಸೈನ್ ಅಂತ ಹೇಳಿ ನಮಗೆ ಲೋಟಾ ಕೊಟ್ಟರು” ಎಂದ. ಲೋಟಾ ಎಂದರೆ ನಮ್ಮ ಚೊಂಬು. ಗುಜರಾತಿಯಲ್ಲಿ ಆ ಮಾತಿಗೆ ಏನರ್ಥವೋ, ಕನ್ನಡದವನಾದ ನನಗೆ ಪೂರ್ತಿ ಅರ್ಥವಾಯಿತು. ತಮಾಷೆಯೆಂದರೆ, ನಾವು ನಿಂತಲ್ಲಿಂದ ಕೆಲವು ಮೈಲಿ ಆಚೆ, ಸಾಬರಮತಿಯ ದಂಡೆಯ ಪಾಲ್ಡಿಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ. 1961ರಲ್ಲಿ ಅದು ಹುಟ್ಟಿದ್ದೇ ಚೊಂಬಿನ ಹೊಗಳಿಕೆಯಿಂದ ಎಂದರೆ ಅತಿಶಯವಲ್ಲ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ದೇಶವೆಲ್ಲ ಸುತ್ತಿ, 1958ರಲ್ಲಿ ಸರ್ಕಾರಕ್ಕೊಂದು ವರದಿ ಬರೆದುಕೊಟ್ಟರು. ಅವರು ಮನಸೋತದ್ದು ತಾಜಮಹಲಿಗಲ್ಲ, ಚೊಂಬಿಗೆ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಸುರಿದಾಗ ಹೇಗೆ ಬೀಳಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂಬುದನ್ನೆಲ್ಲ ತಲೆಮಾರುಗಳು ತಿದ್ದಿ ತಿದ್ದಿ ತಂದ ರೂಪ ಅದು, ಯಾವನೋ ಒಬ್ಬ ಕೂತು ಬರೆದ ನಕ್ಷೆಯಲ್ಲ ಎಂಬುದು ಅವರ ಬೆರಗು. ಇಷ್ಟು ಸಾವಿರ ವರ್ಷದಲ್ಲಿ ಯಾವ ಕಂಚುಗಾರನೂ ‘ಸ್ಟೇಟ್‌ಮೆಂಟ್’ ಕೊಡಲು ಚೊಂಬಿನ ಬಾಯನ್ನು ಪಕ್ಕೆಯಲ್ಲಿ ಬಚ್ಚಿಡಲಿಲ್ಲ.

ಧೈರ್ಯದ ಮಾತು ಬಂತಲ್ಲ, ಅದರ ಸಮಾಧಿ ಇಲ್ಲೇ ಹತ್ತಿರದಲ್ಲಿದೆ. ಅಹಮದಾಬಾದಿನಿಂದ ಮುಂಜಾನೆ ಹೊರಟರೆ ಚಹಾ ಆರುವ ಮೊದಲು ಸಾಣಂದ್. 2008ರಲ್ಲಿ ಬಂಗಾಳದ ಸಿಂಗೂರಿನಿಂದ ನ್ಯಾನೋ ಕಾರ್ಖಾನೆ ಎತ್ತಿಕೊಂಡು ಹೊರಟ ಟಾಟಾ ಅವರಿಗೆ ಆಗಿನ ಮುಖ್ಯಮಂತ್ರಿ ನರೇಂದ್ರ ಮೋದಿ ಒಂದು ರೂಪಾಯಿಯ ಎಸ್ಸೆಮ್ಮೆಸ್‌ನಲ್ಲಿ ಸ್ವಾಗತ ಕೋರಿದ್ದು ಈ ಊರಿನ ಜಾನಪದ. 2010ರ ಜೂನ್‌ನಲ್ಲಿ ಅಲ್ಲಿ ನ್ಯಾನೋ ಕಾರ್ಖಾನೆ ಶುರುವಾಯಿತು. ಧೈರ್ಯ ಎಂದರೆ ಅದು! ಎಂಜಿನ್ ಹಿಂದೆ, ಸಿಲಿಂಡರ್ ಎರಡೇ, ಒಟ್ಟು 624 ಸಿಸಿ, ವೈಪರ್ ಒಂದು, ಗಾಲಿಗೆ ಮೂರು ನಟ್ಟು, ಬೆಲೆ ಒಂದು ಲಕ್ಷದ ಆಸುಪಾಸು. ಹ್ಯಾಂಡಲ್ ಬಚ್ಚಿಡುವುದಿರಲಿ, ಹಿಂದಿನ ಡಿಕ್ಕಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಹ್ಯಾಚ್ ತೆರೆಯದ ಹ್ಯಾಚ್‌ಬ್ಯಾಕ್! 2015ರಲ್ಲಿ ಆ ಬಾಗಿಲು ತೆರೆಯಿತು, ಅಷ್ಟರಲ್ಲಿ ಗಿರಾಕಿಯ ಬಾಗಿಲು ಮುಚ್ಚಿತ್ತು. 2018ರ ಜೂನ್ ತಿಂಗಳಿನಲ್ಲಿ ತಯಾರಾದ ನ್ಯಾನೋಗಳ ಸಂಖ್ಯೆ ಒಂದು. ಒಂದು ಸಾವಿರವಲ್ಲ, ಒಂದು.

ಕೆಲವು ಕಾರು ಹೊತ್ತಿಕೊಂಡವು ಎಂಬುದೂ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅದನ್ನು ಸುಟ್ಟದ್ದು ‘ಎಲ್ಲಕ್ಕಿಂತ ಅಗ್ಗದ ಕಾರು’ ಎಂಬ ಬಿರುದು. ಹಾಗೆ ಮಾರಿದ್ದೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಆಮೇಲೆ ಹೇಳಿಕೊಂಡರು. ಕಿಟ್ಲಿಯ ಮುಂದೆ ಕಂಪನಿಯ ಅಂಜುಬುರುಕತನ ಖಂಡಿಸುತ್ತಿದ್ದವನನ್ನೇ ಕೇಳಿದೆ: “ನೀವು ನ್ಯಾನೋ ತಗೊಂಡಿದ್ರಾ?”

“ನಾನಾ? ಛೆ ಛೆ. ಮದುವೆ ಮನೆಗೆ ನ್ಯಾನೋದಲ್ಲಿ ಹೋಗೋಕಾಗುತ್ತಾ?”

ವಡೋದರಾದಲ್ಲಿ ಧಾರವಾಡದ ಕಡೆಯ ಗೆಳೆಯರೊಬ್ಬರಿದ್ದಾರೆ, ರಾಯರು ಎನ್ನೋಣ. ವಾರಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇ ಹಿಡಿದು ಅಹಮದಾಬಾದಿಗೆ ಬರುತ್ತಾರೆ. 93 ಕಿಲೋಮೀಟರ್, ಅಳತೆಪಟ್ಟಿ ಇಟ್ಟು ಗೆರೆ ಎಳೆದಂಥ ರಸ್ತೆ. ಇಳಿದವರೇ ಮೊದಲು ಎತ್ತುವುದು ತಿರುವಿನಲ್ಲಿ ಕಾರು ನೆಲ ಕಚ್ಚಿಕೊಳ್ಳುತ್ತದೋ ಇಲ್ಲವೋ ಎಂಬ ಮಾತು. ಯಾವ ತಿರುವು ಎಂದು ನಾನು ಕೇಳಿಲ್ಲ, ಸ್ನೇಹ ದೊಡ್ಡದು. ಹೊಸ ಸ್ವಿಫ್ಟ್ ನೋಡಿ ಬಂದು ಸೇವ್ ಉಸಳ್ ತಟ್ಟೆಯ ಮುಂದೆ ತೀರ್ಪು ಕೊಟ್ಟರು: “ಹಳೇ ಅಂಗೀಗೆ ಹೊಸಾ ಗುಂಡಿ ಹಚ್ಯಾರ್ರಿ. ಮತ್ತೇನಿಲ್ಲ.”

“ಹಾಗಾದರೆ ನಿಮ್ಮೂರಿಂದ ನಲವತ್ತು ಕಿಲೋಮೀಟರಿನ ಹಾಲೋಲ್‌ನಲ್ಲಿ ಕಾಮೆಟ್ ಮಾಡ್ತಾರಲ್ಲ, ಎಂ.ಜಿ.ಯವರು. ಮೂರು ಮೀಟರಿಗೂ ಕಮ್ಮಿ ಉದ್ದ, ಎರಡೇ ಬಾಗಿಲು, ಕರೆಂಟಿನಲ್ಲಿ ಓಡುತ್ತೆ. ಅಂಥದ್ದು ರಸ್ತೆ ಮೇಲೆ ಇನ್ನೊಂದಿಲ್ಲ.”

“ಅದು ಕಾರೇನ್ರೀ? ಬೀರೂಕ್ಕ ಗಾಲಿ ಹಚ್ಚಿದಂಗ ಐತಿ.”

ಹಾಲೋಲ್‌ನ ಮಣ್ಣು ಬಹಳ ಕಂಡಿದೆ. ಅದೇ ಜಾಗದಲ್ಲಿ 1996ರಿಂದ ಜನರಲ್ ಮೋಟಾರ್ಸ್‌ನವರು ಒಪೆಲ್ ಆಸ್ಟ್ರಾ ಮಾಡಿದರು, ಆಮೇಲೆ ಷೆವರ್ಲೆ ಮಾಡಿದರು, 2017ರಲ್ಲಿ ಬೀಗ ಹಾಕಿ ಹೋದರು. ಸಾಣಂದ್‌ನಲ್ಲಿ ಫೋರ್ಡ್ ಫಿಗೋ ಮಾಡಿತು, 2021ರಲ್ಲಿ ನಮಸ್ಕಾರ ಹೇಳಿತು. ಆ ಕಾರ್ಖಾನೆ ಈಗ ಟಾಟಾ ಅವರದು. ಹೋದ ಮೇಲೆ ಈ ಕಾರುಗಳಿಗೆ ಸಿಕ್ಕಷ್ಟು ಹೊಗಳಿಕೆ ಇದ್ದಾಗ ಗಿರಾಕಿ ಸಿಕ್ಕಿದ್ದರೆ ಬೀಗ ಬೀಳುತ್ತಿರಲಿಲ್ಲ. ರಾಯರೂ ಫಿಗೋದ ಸ್ಟೀರಿಂಗನ್ನು ನೆನೆದು ಕಣ್ಣು ಮುಚ್ಚುತ್ತಾರೆ. ಓಡಿಸುವುದು ಬೆಲೆನೋ. ಆ ಬೆಲೆನೋದ ಹುಟ್ಟೂರು ಬೇಚರಾಜಿ ಪಕ್ಕದ ಹಂಸಲಪುರ. ಸುಜುಕಿಯವರ ಕಾರ್ಖಾನೆ ಅಲ್ಲಿ 2017ರಲ್ಲಿ ಶುರುವಾಯಿತು, ಮರುವರ್ಷದಿಂದ ಸ್ವಿಫ್ಟೂ ಅಲ್ಲೇ. ಬೇಚರಾಜಿಯ ಬಹುಚರಾ ಮಾತೆಯ ವಾಹನ ಹುಂಜ. ಶತಮಾನಗಳಿಂದ ಅದೇ ಮಾಡೆಲ್, ಅದೇ ಜುಟ್ಟು. ಭಕ್ತರಿಂದ ಒಂದು ದೂರೂ ಬಂದಿಲ್ಲ.

ಸೂರತ್ತಿನವರ ವಿಚಾರಣೆಯೇ ಬೇರೆ. ಲೋಚೋ ತಿನ್ನುತ್ತ ಕಾರಿನ ಬಗ್ಗೆ ಮಾತಾಡುವ ಜನ. ಲೋಚೋ ಎಂದರೆ ಎಡವಟ್ಟು. ಖಮಣ್ ಮಾಡಲು ಹೋಗಿ ಹದ ತಪ್ಪಿ ಹುಟ್ಟಿದ ತಿಂಡಿ ಎಂಬ ಕಥೆಯಿದೆ. ತಪ್ಪಿದ ಅಡುಗೆಯನ್ನು ಬೆಣ್ಣೆ ಹಾಕಿಕೊಂಡು ತಿನ್ನುವ ಉದಾರ ನಾಲಿಗೆ, ಟೇಲ್‌ಲ್ಯಾಂಪ್ ವಿಷಯದಲ್ಲಿ ಮಾತ್ರ ಕ್ಷಮೆ ತೋರದು. ವರಾಛಾ ಕಡೆಯ ವಜ್ರದ ಕೆಲಸದವರೊಬ್ಬರು ಹೊಸ ಸ್ವಿಫ್ಟಿನ ದೀಪವನ್ನು, ಕಣ್ಣಿಗೆ ಮಸೂರವೊಂದೇ ಕಮ್ಮಿ ಎನ್ನುವಂತೆ, ಬಗ್ಗಿ ನೋಡಿ ತಲೆಯಾಡಿಸಿದರು. ಹೊಸತನವಿಲ್ಲವಂತೆ. ಅವರು ದಿನವಿಡೀ ಉಜ್ಜುವುದು ರೌಂಡ್ ಬ್ರಿಲಿಯಂಟ್ ಕಟ್. 57 ಮುಖ. ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ ಬರೆದಿಟ್ಟ ಕೋನಗಳ ಆಸುಪಾಸಿನಲ್ಲೇ ಜಗತ್ತು ಇಂದಿಗೂ ವಜ್ರ ಕತ್ತರಿಸುತ್ತದೆ. ನೂರು ವರ್ಷದಿಂದ ಫೇಸ್‌ಲಿಫ್ಟ್ ಇಲ್ಲದ ಆ ಕಲ್ಲಿಗೆ ಜನ ಮನೆ ಮಾರಿ ದುಡ್ಡು ಕೊಡುತ್ತಾರೆ.

ಈ ಊರಲ್ಲೇ 2016ರ ದೀಪಾವಳಿಗೆ ವಜ್ರೋದ್ಯಮಿ ಸವ್ಜಿ ಧೋಲಕಿಯಾ ತಮ್ಮ ನೌಕರರಿಗೆ 1,260 ಕಾರು ಬೋನಸ್ ಘೋಷಿಸಿದ್ದರು. ಆ ಸಾಲಿನಲ್ಲಿ ನಿಂತ ಯಾರಾದರೂ ಮುಂಭಾಗದ ಗ್ರಿಲ್ ಕಳೆದ ಸಲದ್ದೇ ಆಯಿತು ಎಂದು ಕೀಲಿಕೈ ಹಿಂದಿರುಗಿಸಿದರೆಂದು ನಾನು ಕೇಳಿಲ್ಲ.

ಆ ಬೇಸಿಗೆ ಮೂರೂ ಊರಿನ ಷೋರೂಮುಗಳಲ್ಲಿ ಪಂಡಿತರು ಬಂದು ಬೈದು ಹೋಗುತ್ತಿದ್ದರು. ಬೈದು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು, ಔಷಧಿ ಅಂಗಡಿಯಲ್ಲಿ ಕೇಳಬಾರದ್ದು ಕೇಳುವವರಂತೆ ದನಿ ತಗ್ಗಿಸಿ, ಒಂದೇ ಪ್ರಶ್ನೆ: “ಸಿಎನ್‌ಜಿ ಯಾವಾಗ?” ಅದು ಬಂದದ್ದು ಸೆಪ್ಟೆಂಬರ್‌ನಲ್ಲಿ. 8.20 ಲಕ್ಷದಿಂದ ಶುರು, ಕಿಲೋ ಅನಿಲಕ್ಕೆ 32.85 ಕಿಲೋಮೀಟರ್. ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿದ ಮೇಲೆ ಉಳಿಯುವ ಜಾಗದಲ್ಲಿ ಒಂದು ಥೇಪ್ಲಾ ಡಬ್ಬಿ, ಒಂದು ಛುಂದಾ ಬಾಟಲಿ. ಹಿಂಭಾಗದ ವಿನ್ಯಾಸದ ಚರ್ಚೆ ಅಲ್ಲಿಗೆ ನಿಂತಿತು.

ನಮ್ಮ ಪಕ್ಕದ ಮನೆಯಾತ, ಹೇಳುವುದು ಮರೆತೆ, ಸಿಂಧು ಭವನದ ಆ ಗದ್ಗದ ಕಂಠದವನೇ. ಧನ್‌ತೇರಸ್ ದಿನ ಹಳೆಯದನ್ನು ಕೊಟ್ಟು ಹೊಸದು ತಂದ. ಬಣ್ಣಗಳಲ್ಲಿ ಈ ಸಲ ಹೊಸ ಕಿತ್ತಳೆ ಇತ್ತು, ಹೊಸ ನೀಲಿ ಇತ್ತು. ಕಂಪನಿ ಧೈರ್ಯ ತೋರಿದ್ದ ಏಕೈಕ ಜಾಗ ಅದು. ಅವನು ತಂದದ್ದು ಬಿಳಿ. “ರೀಸೇಲ್ ನೋಡಬೇಕಲ್ಲ, ಭಾಯ್.” ಬಾನೆಟ್ಟಿನ ಮೇಲೆ ಕುಂಕುಮದ ಸಾಥಿಯೋ, ಎಂದರೆ ಸ್ವಸ್ತಿಕ, ಬರೆದು, ಗಾಲಿಯಡಿ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದಾಯಿತು. ಸೊಸೆ ಮುಂದೆ ಕೂತಳು. ಬಾ ಅಭ್ಯಾಸಬಲದಿಂದ ಕೈಯನ್ನು ಕಿಟಕಿಯ ಮೂಲೆಗೆ ಒಯ್ದರು, ಸಿಗಲಿಲ್ಲ. ಕೈ ಸೋತು ಕೆಳಗಿಳಿದಾಗ ತಾನಾಗಿ ಹ್ಯಾಂಡಲ್ ಸಿಕ್ಕಿತು. ತೆರೆದು ಕೂತರು. ಸೆರಗು ಒಳಗೆಳೆದುಕೊಂಡು ಕೇಳಿದರು: “ಇಷ್ಟು ವರ್ಷ ಇದನ್ನ ಎಲ್ಲಿಗೆ ಒಯ್ದಿದ್ದರೋ, ಬೇಟಾ?”

ಮಗ ಉತ್ತರ ಕೊಡಲಿಲ್ಲ. ಸಿಎನ್‌ಜಿ ಪಂಪಿನಲ್ಲಿ ಕ್ಯೂ ಎಷ್ಟಿದೆಯೆಂದು ಫೋನಿನಲ್ಲಿ ಯಾರನ್ನೋ ವಿಚಾರಿಸುತ್ತಿದ್ದ.