ಸಂಧ್ಯಾಶುಲ್ಕ ಮೀಮಾಂಸೆ

ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ನಗರದ ಉತ್ತರಭಾಗದಲ್ಲಿ, ಪೆಸಿಫಿಕ್ ಸಾಗರಕ್ಕೆ ಎದುರಾಗಿ ನಿಂತ ಕಡಿದಾದ ದಂಡೆಯ ನೆತ್ತಿಯ ಮೇಲೆ, ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರು ಫಿರಂಗಿವಿದ್ಯೆಯನ್ನು ಅಭ್ಯಸಿಸುತ್ತಿದ್ದ ನೆಲದಲ್ಲಿಯೇ 1957ರಲ್ಲಿ ತೆರೆದ ಟೋರಿ ಪೈನ್ಸ್ ಎಂಬ ಗಾಲ್ಫ್ ಮೈದಾನವು ನಗರದ ಸ್ವತ್ತಾದುದರಿಂದ, ಅಲ್ಲಿ ಆಡಬಯಸುವವನಿಗೆ ಕುಲಗೋತ್ರಗಳ ಹಂಗಿಲ್ಲ, ದುಡ್ಡೊಂದಿದ್ದರೆ ಸಾಕು. ಊರಿನ ನಿವಾಸಿಗೆ ಅಗ್ಗದ ದರ, ಪರಸ್ಥಳದವನಿಗೆ ಬಿಸಿ ಮುಟ್ಟಿಸುವ ದರ. ಆದರೆ ಸೂರ್ಯನು ಪಡುವಣಕ್ಕೆ ವಾಲಿದನೆಂದರೆ ‘ಟ್ವೈಲೈಟ್’ ಎಂಬ ಹೆಸರಿನಲ್ಲಿ ಶುಲ್ಕವು ಇಳಿಯುವುದುಂಟು. ಹೀಗೆ ಇಳಿದದ್ದು ಯಾವ ವಸ್ತುವಿನ ಬೆಲೆ ಎಂಬುದೇ ಇಲ್ಲಿಯ ಸಂಶಯ.

ನೋಟದ ಬೆಲೆ ಇಳಿಯಿತೆಂಬುದು ಮೊದಲ ಪೂರ್ವಪಕ್ಷ. ಇದು ನಿಲ್ಲದು. ಜಗತ್ತಿನಲ್ಲಿ ಈ ತೀರವನ್ನೂ ಸಾಂಟಾ ರೋಸಾ ದ್ವೀಪವನ್ನೂ ಬಿಟ್ಟರೆ ಮತ್ತೆಲ್ಲಿಯೂ ತಾನಾಗಿ ಬೆಳೆಯದ ಟೋರಿ ಪೈನ್ ವೃಕ್ಷಗಳು, ಅವುಗಳಾಚೆಯ ಕಮರಿಗಳು, ಕಮರಿಗಳಾಚೆಯ ಕಡಲು, ಇವೆಲ್ಲ ಹೊಂಬಣ್ಣವನ್ನು ತಾಳುವುದು ಸಾಯಂಕಾಲದಲ್ಲಿಯೇ ಹೊರತು, ಜೂನ್ ಮಾಸದ ಮುಂಜಾನೆ ಸಮುದ್ರದಿಂದೆದ್ದ ಮಂಜು ದಿಕ್ಕುಗಳನ್ನೇ ನುಂಗಿದ ಸಮಯದಲ್ಲಲ್ಲ. ಪೂರ್ಣಶುಲ್ಕವನ್ನಾದರೋ ಆ ಮಂಜಿನಲ್ಲಿಯೇ ವಸೂಲು ಮಾಡುತ್ತಾರೆ.

ಕತ್ತಲಾಗುವುದರೊಳಗೆ ಆಡಲಾಗದೆ ಉಳಿಯುವ ಕುಳಿಗಳ ಲೆಕ್ಕಕ್ಕೆ ಈ ಸೋಡಿ ಎಂದು ಕೆಲವರು ವಾದಿಸುತ್ತಾರೆ. ಇವರ ಮತದಲ್ಲಿ ರಿಯಾಯಿತಿಯು ಪ್ರಾಗಭಾವದ, ಎಂದರೆ ವಸ್ತುವು ಹುಟ್ಟುವ ಮುನ್ನ ಇರುವ ಅದರ ಅಭಾವದ, ಮೌಲ್ಯ. ಆದರೆ ಪ್ರಾಗಭಾವವೆಂಬುದು ವಸ್ತುವು ಹುಟ್ಟಿದೊಡನೆ ನಾಶವಾಗತಕ್ಕದ್ದೆಂದು ತಾರ್ಕಿಕರು ಒಪ್ಪಿರುವಾಗ, ಎಂದಿಗೂ ಆಡದೆ ಹೋಗುವ ಹದಿನೇಳನೆಯ ಕುಳಿಗೆ ಆ ಪದವಿಯನ್ನು ಕೊಡುವುದು ಹೇಗೆ? ಅಭಾವವನ್ನು ಅರಿಯುವ ವಿಷಯದಲ್ಲಿ ಗಾಲ್ಫಿನ ಸೂತ್ರಕಾರರು ನಮ್ಮ ಭಾಟ್ಟ ಮೀಮಾಂಸಕರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆಂಬುದನ್ನು ಪ್ರಸಂಗವಶಾತ್ ಹೇಳಬೇಕು. ಅನುಪಲಬ್ಧಿಯಿಂದ, ಎಂದರೆ ಕಾಣದಿರುವುದರಿಂದ, ‘ಇಲ್ಲ’ ಎಂಬ ಜ್ಞಾನ ಹುಟ್ಟುವುದೆಂದು ಭಾಟ್ಟರು ಹೇಳಿದರೇ ಹೊರತು, ಎಷ್ಟು ಹೊತ್ತು ಹುಡುಕಿದ ಮೇಲೆ ಹುಟ್ಟುವುದೆಂದು ಹೇಳಲಿಲ್ಲ. ಗಾಲ್ಫಿನಲ್ಲಿ ಕಳೆದ ಚೆಂಡಿಗೆ ಈ ಅವಧಿ ಮೊದಲು 5 ನಿಮಿಷವಿದ್ದು, 2019ರಿಂದ 3 ನಿಮಿಷವಾಗಿದೆ. ಪೂರ್ವಾಫ್ರಿಕದಿಂದ ಬಂದ ಕಿಕುಯು ಹುಲ್ಲಿನಲ್ಲಿ ಮುಳುಗಿದ ಚೆಂಡನ್ನು ಮಬ್ಬುಗತ್ತಲೆಯಲ್ಲಿ ಹುಡುಕುವವನಿಗೆ ಆ ಮೂರು ನಿಮಿಷದಲ್ಲಿ ಪರರ ಚೆಂಡು ಸಿಕ್ಕಿದರೆ ಅದು ‘ಇದು ಅದಲ್ಲ’ ಎಂಬ ಅನ್ಯೋನ್ಯಾಭಾವ. ಅದನ್ನು ಹೊಡೆದನೋ, ಎರಡು ಹೊಡೆತದ ದಂಡ.

ಇನ್ನು ಸಿದ್ಧಾಂತ. ಇಲ್ಲಿಯ ದಕ್ಷಿಣದ ಮೈದಾನದ ಗ್ರೀನುಗಳಲ್ಲಿ, ಎಂದರೆ ಕುಳಿಯ ಸುತ್ತಲಿನ ನುಣುಪು ನೆಲದಲ್ಲಿ, ಪೋವಾ ಎಂಬ ಹುಲ್ಲುಂಟು. ಬೆಳಗ್ಗೆ ಕತ್ತರಿಸಿದಾಗ ನುಣುಪಾಗಿದ್ದು, ಹೊತ್ತೇರಿದಂತೆ ಒಂದೊಂದು ಎಳೆ ಒಂದೊಂದು ವೇಗದಲ್ಲಿ ಬೆಳೆದು, ಸಂಜೆಗೆ ಚೆಂಡನ್ನು ಕುಣಿಸುವಷ್ಟು ಉಬ್ಬುತಗ್ಗಾಗುತ್ತದೆ. ಮುಂಜಾನೆ ಪೂರ್ಣಶುಲ್ಕ ತೆತ್ತವನು ಗುರಿ ತಪ್ಪಿದರೆ ದೂರಬೇಕಾದುದು ತನ್ನ ಕೈಯನ್ನೇ. ಸಂಜೆಯವನಿಗಾದರೋ ಹುಲ್ಲು, ಕತ್ತಲೆ, ಕಡಲಗಾಳಿ, ಮುಂದಿನ ತಂಡದ ನಿಧಾನ, ಇಷ್ಟು ಕಾರಣಗಳು ಸಾಲುಗಟ್ಟಿ ನಿಂತಿರುತ್ತವೆ. ಆದಕಾರಣ ಸಂಧ್ಯಾಶುಲ್ಕದಲ್ಲಿ ವಸ್ತುತಃ ವಿಕ್ರಯವಾಗುವುದು ನೆಪ. ಆಟಗಾರನಿಗೆ ಆಟಕ್ಕಿಂತ ಪ್ರಿಯವಾದ ಈ ಸರಕನ್ನು ಹೆಚ್ಚಿನ ಬೆಲೆಗೆ ಮಾರುವುದನ್ನು ಬಿಟ್ಟು ಸೋಡಿಯಲ್ಲಿ ಕೊಡುತ್ತಿರುವುದು ನಗರದ ಆಡಳಿತಗಾರರ ಅರ್ಥಶಾಸ್ತ್ರಜ್ಞಾನದ ಕೊರತೆಯೆಂದೇ ನನ್ನ ಅಭಿಪ್ರಾಯ.

ನೆಪವಿದ್ದೂ ಗೆದ್ದವರುಂಟಲ್ಲ ಎಂದು ಆಕ್ಷೇಪಿಸಬಹುದು. 2008ರ ಯು.ಎಸ್. ಓಪನ್ ಪಂದ್ಯದಲ್ಲಿ ಟೈಗರ್ ವುಡ್ಸ್ ಇದೇ ಮೈದಾನದಲ್ಲಿ, ಎಡಗಾಲಿನ ಮೂಳೆ ಬಿರುಕುಬಿಟ್ಟಿದ್ದರೂ 91 ಕುಳಿಗಳನ್ನಾಡಿ ರಾಕೊ ಮೀಡಿಯೇಟನನ್ನು ಸೋಲಿಸಿದನು. ಅಷ್ಟು ದೊಡ್ಡ ನೆಪವನ್ನು ಹಾಗೆ ಪೋಲುಮಾಡಿದವನನ್ನು ಶಾಸ್ತ್ರವು ಅಪವಾದವೆಂದು ಬದಿಗಿಡುವುದೇ ಉಚಿತ.

ನೆಪವು ಪ್ರವೇಶಿಸಲಾರದ ಸ್ಥಳವೊಂದೇ: ದಕ್ಷಿಣದ ಮೈದಾನದ ಹದಿನೆಂಟನೆಯ ಗ್ರೀನಿನ ಮುಂದಿರುವ ಕೊಳ. ಅಲ್ಲಿ ಕಣ್ಣಿನ ಸಾಕ್ಷ್ಯವೂ ಬೇಡ, ಮೂರು ನಿಮಿಷದ ಅನ್ವೇಷಣೆಯೂ ಬೇಡ. ಎಲ್ಲೆಲ್ಲಿ ‘ಗುಳುಂ’ ಎಂಬ ಸದ್ದೋ ಅಲ್ಲಲ್ಲಿ ಒಂದು ಹೊಡೆತದ ದಂಡ ಎಂಬ ವ್ಯಾಪ್ತಿ ಅಲ್ಲಿ ನಿರಪವಾದ. ಮುಂಜಾನೆಯವನಿಗೂ ಮುಸ್ಸಂಜೆಯವನಿಗೂ, ನಿವಾಸಿಗೂ ಪರದೇಶಿಗೂ ಆ ದಂಡದ ದರ ಒಂದೇ.